ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಯಾನ್ ಹೋಸೆಯ ‘ಐದು ಗಾಯಗಳ ಇಗರ್ಜಿ’

ಮಕ್ಕಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಆರು ತಿಂಗಳು ಉಳಿಯುವ ಹಿರಿಯರು ಹತ್ತಿರದಲ್ಲಿ ಏನೇನು ನೋಡಬಹುದು ಎಂದು ಹಿಂದಿನ ಸಂಚಿಕೆಯಲ್ಲಿ ಬರೆಯುವಾಗ, ಸ್ಯಾನ್ ಹೋಸೆ ನಗರದಲ್ಲಿ ಪೋರ್ಚುಗೀಸ್ ವಲಸಿಗರು ಕಟ್ಟಿಕೊಂಡ ‘ಐದು ಗಾಯಗಳ ಇಗರ್ಜಿ’ (ಚರ್ಚು)ಯನ್ನು ಒಂದೇ ಸಾಲಿನಲ್ಲಿ ಹೆಸರಿಸಿ ಮುಂದೆ ಹೋಗಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಬರಹಕ್ಕೆ ಬರಲಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಇಗರ್ಜಿಗೇ ಬಿಟ್ಟುಕೊಟ್ಟಿದ್ದೇನೆ. ಒಂದೇ ಅರ್ಥದ ಪತ್ರಗಳನ್ನು ಒಟ್ಟುಗೂಡಿಸಿ ಒಂದೇ ಪ್ರಶ್ನೆಯಾಗಿ ಮಾಡಿಕೊಂಡಿರುವುದಕ್ಕೆ ಬರೆದವರು ಬೇಸರಿಸಬಾರದು.

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ಏಪ್ರಿಲ್‌ನಿಂದ ಸನಿವೇಲ್‌ನಲ್ಲಿರುವ ಮಗಳ ಮನೆಯಲ್ಲಿರುತ್ತೇನೆ. ಅಳಿಯಂದಿರು ಬಿಡುವಾದಾಗಲೆಲ್ಲ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳನ್ನೇ ತೋರಿಸುತ್ತಾರೆ. ನೀವು ಹೇಳಿದ ಇಗರ್ಜಿಗೆ ಕ್ರೈಸ್ತರಲ್ಲದ ನಾವು ಒಳಗೆ ಹೋಗಬಹುದೇ? ಹೋದರೆ ಹೇಗೆ ನಡೆದುಕೊಳ್ಳಬೇಕು? (ಮೈಸೂರು)

ಉತ್ತರ: ಧಾರಾಳವಾಗಿ ಹೋಗಬಹುದು. ಆದರೆ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮೊದಲ ಸಲ ನಾನು ಹಳೆಯ ಸ್ಮಾರಕವೊಂದನ್ನು ನೋಡಲು ಹೋಗುವವನಂತೆ ವಾರದ ನಡುವಿನ ಒಂದು ಮಧ್ಯಾಹ್ನ ಹೋದೆ. ಬಾಗಿಲು ಮುಚ್ಚಿತ್ತು. ಬಿಸಿಲಿನಲ್ಲಿ ಹೊಳೆಯುವ ಎರಡು ಬಿಳಿ ಗೋಪುರಗಳನ್ನು ರಸ್ತೆಯಲ್ಲಿ ನಿಂತು ನೋಡಿ, ಫೋಟೋ ತೆಗೆದುಕೊಂಡು, ನೋಡಿದ್ದಾಯಿತು ಎಂದುಕೊಂಡು ಹಿಂದಿರುಗಿದೆ. ಎರಡನೆಯ ಸಲ ಭಾನುವಾರ ಪೋರ್ಚುಗೀಸ್ ಭಾಷೆಯ ಬಲಿಪೂಜೆಯ, ಅಂದರೆ ಕಥೋಲಿಕರ ಸಾಮೂಹಿಕ ಆರಾಧನೆಯ ಹೊತ್ತಿಗೆ ಹೋದಾಗಲೇ, ಮೊದಲ ಸಲ ನಾನು ನೋಡಿದ್ದು ಏನನ್ನೂ ಅಲ್ಲ ಎಂಬುದು ಗೊತ್ತಾಯಿತು. ಇದು ಟಿಕೆಟು ಕೊಟ್ಟು ನೋಡುವ ಕಟ್ಟಡವಲ್ಲ. ನೂರು ವರ್ಷ ದಾಟಿದರೂ ದಿನಬಳಕೆಯಲ್ಲಿರುವ ಧರ್ಮಕೇಂದ್ರ, ಅಂದರೆ ಒಂದು ಇಗರ್ಜಿಗೆ ಸೇರಿದ ಭಕ್ತರ ಸಮುದಾಯದ ನೆಲೆ. ಅಲ್ಲಿ ಜನರಿರುವಾಗ, ಅವರ ಮಾತು ಮತ್ತು ಹಾಡು ಕಿವಿಗೆ ಬೀಳುತ್ತಿರುವಾಗ ನೋಡಿದರೆ ಮಾತ್ರ ಅದು ಯಾಕೆ ಕಟ್ಟಲ್ಪಟ್ಟಿತು ಎಂಬುದು ತಿಳಿಯುತ್ತದೆ. ಪೂಜೆಯ ಸಮಯಗಳು ಆಗಾಗ ಬದಲಾಗುವುದರಿಂದ, ಹೊರಡುವ ಮುನ್ನ ಮಗಳಿಂದ ಧರ್ಮಕೇಂದ್ರದ ಕಚೇರಿಗೆ ಒಂದು ಫೋನ್ ಮಾಡಿಸಿ ಕೇಳಿಕೊಳ್ಳಿ.

ನಡೆದುಕೊಳ್ಳುವ ರೀತಿ ಕಷ್ಟದ್ದೇನಲ್ಲ. ಚಪ್ಪಲಿ ಬಿಡಬೇಕಾಗಿಲ್ಲ, ಆದರೆ ಗಂಡಸರು ಟೋಪಿ ತೆಗೆಯಬೇಕು. ಸೀರೆಯುಟ್ಟು ಹೋದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ, ಒಂದಿಬ್ಬರು ಅಜ್ಜಿಯರು ಸೆರಗನ್ನು ಮುಟ್ಟಿ ನೋಡಿಯಾರು, ಅಷ್ಟೇ. ಪೂಜೆ ನಡೆಯುತ್ತಿರುವಾಗ ಓಡಾಡುವುದು, ಫೋಟೋ ತೆಗೆಯುವುದು ಬೇಡ. ಹಿಂದಿನ ಸಾಲುಗಳಲ್ಲಿ ಕುಳಿತು, ಎಲ್ಲರೂ ಎದ್ದಾಗ ಎದ್ದು, ಕುಳಿತಾಗ ಕುಳಿತರೆ ಸಾಕು. ಮಂಡಿಯೂರುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದು. ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕು. ನಮ್ಮ ದೇವಸ್ಥಾನಗಳಲ್ಲಿ ಪ್ರಸಾದ ಬೇಡವೆಂದರೆ ದೇವರಿಗೆ ಅಪಚಾರವೆಂಬ ಭಾವನೆ ಇರುವುದರಿಂದ, ಪೂಜೆಯಲ್ಲಿ ಗುರುಗಳು ಹಂಚುವ ರೊಟ್ಟಿಯಾದ ಪರಮಪ್ರಸಾದಕ್ಕೆ ಜನ ಸಾಲುಗಟ್ಟಿದಾಗ ನಮ್ಮವರು ಸಂಕೋಚದಿಂದ ತಾವೂ ಎದ್ದು ಸಾಲಿಗೆ ಸೇರಿಬಿಡುತ್ತಾರೆ. ಅಲ್ಲಿ ಅದು ಕಥೋಲಿಕ ದೀಕ್ಷೆ ಪಡೆದವರಿಗೆ ಮಾತ್ರ ಸಲ್ಲುವ ಸಂಸ್ಕಾರ. ನೀವು ಕುಳಿತಲ್ಲೇ ಕುಳಿತಿದ್ದರೆ ಯಾರ ಮನಸ್ಸಿಗೂ ನೋವಾಗುವುದಿಲ್ಲ. ಎದ್ದು ಹೋಗಿ ಕೈಚಾಚಿದರೆ ಕೊಡುವ ಗುರುಗಳಿಗೂ ಇಕ್ಕಟ್ಟು, ನಿಮಗೂ ಇಕ್ಕಟ್ಟು. ಪೂಜೆ ಮುಗಿದು ಜನ ಕರಗಿದ ಮೇಲೆ ಮೇಣದ ಬತ್ತಿ ಹಚ್ಚಿ, ಕಾಣಿಕೆ ಪೆಟ್ಟಿಗೆಗೆ ಒಂದೆರಡು ಡಾಲರ್ ಹಾಕಿ, ನಿಧಾನವಾಗಿ ಸುತ್ತಿ ನೋಡಿ.

ಪ್ರಶ್ನೆ: ವಸ್ತುಪ್ರದರ್ಶನವೊಂದರ ಮಂಟಪವನ್ನು ಕಿತ್ತು ತಂದ ಮರದಿಂದ ಈ ಇಗರ್ಜಿಯನ್ನು ಕಟ್ಟಿದರೆಂದು ನೀವು ಬರೆದಿದ್ದಿರಿ. ವಾಸ್ತುಶಿಲ್ಪದ ವಿದ್ಯಾರ್ಥಿಯಾದ ನನಗೆ ಇದನ್ನು ನಂಬುವುದು ಕಷ್ಟವಾಗುತ್ತಿದೆ. ವಿವರವಾಗಿ ತಿಳಿಸುವಿರಾ? (ದಾವಣಗೆರೆ)

ಉತ್ತರ: ಮಲೆನಾಡಿನಲ್ಲಿ ಹಳೆಯ ಮನೆ ಬಿಚ್ಚಿದಾಗ ಅದರ ತೊಲೆ, ಕಂಬ, ಬಾಗಿಲುವಾಡಗಳನ್ನು ಜತನದಿಂದ ಎತ್ತಿಟ್ಟು ಹೊಸ ಮನೆಗೆ ಕೂಡಿಸುವುದನ್ನು ನೀವು ನೋಡಿರಬಹುದು. ಇದೂ ಅಂಥದ್ದೇ ಕೆಲಸ, ಮರ ಬಂದ ಜಾಗ ಮಾತ್ರ ಬೇರೆ.

ಪನಾಮಾ ಕಾಲುವೆ ತೆರೆದುಕೊಂಡದ್ದನ್ನು ಆಚರಿಸುವುದಕ್ಕೆಂದೂ, 1906ರ ಭೂಕಂಪ ಮತ್ತು ಬೆಂಕಿಯಲ್ಲಿ ನಾಶವಾಗಿದ್ದ ಊರು ಮತ್ತೆ ಎದ್ದು ನಿಂತಿದೆ ಎಂದು ಲೋಕಕ್ಕೆ ತೋರಿಸುವುದಕ್ಕೆಂದೂ 1915ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಮಹಾ ಅಂತರರಾಷ್ಟ್ರೀಯ ಪ್ರದರ್ಶನ ನಡೆಯಿತು. ಅನೇಕ ದೇಶಗಳು ಅಲ್ಲಿ ತಮ್ಮ ತಮ್ಮ ಮಂಟಪಗಳನ್ನು ಎಬ್ಬಿಸಿದ್ದವು. ಹೊರಗಿನಿಂದ ಅಮೃತಶಿಲೆಯಂತೆ ಕಾಣುವ ಗಾರೆ, ಒಳಗೆ ಮರದ ಚೌಕಟ್ಟು. ನಮ್ಮಲ್ಲಿ ದಸರಾ ವಸ್ತುಪ್ರದರ್ಶನದ ಮಳಿಗೆಗಳಂತೆ ಹಬ್ಬ ಮುಗಿದ ಮೇಲೆ ಕಿತ್ತುಹಾಕುವುದಕ್ಕೆಂದೇ ಕಟ್ಟಿದವುಗಳು. ಆ ಪ್ರದರ್ಶನದ ಗುರುತಾಗಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂದು ಎದ್ದು ಕಾಣುವುದು ಲಲಿತಕಲೆಗಳ ಅರಮನೆ ಎಂಬ ಕಟ್ಟಡ. ಪ್ರವಾಸಕ್ಕೆ ಹೋದವರೆಲ್ಲ ಅದರ ಕೊಳದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಅದೇ ಪ್ರದರ್ಶನದ ಇನ್ನೊಂದು ತುಂಡು ಅಲ್ಲಿಂದ ಸುಮಾರು 80 ಕಿಲೋಮೀಟರ್ ದಕ್ಷಿಣಕ್ಕೆ ಇಗರ್ಜಿಯಾಗಿ ಉಳಿದಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಪೋರ್ಚುಗಲ್ ಕಟ್ಟಿಸಿದ ಮಂಟಪ ‘ಮ್ಯಾನುಯಲಿನ್’ ಶೈಲಿಯದು. 1495ರಿಂದ 1521ರವರೆಗೆ ಆಳಿದ ದೊರೆ ಮ್ಯಾನುಯಲ್‌ನ ಹೆಸರು ಹೊತ್ತ ಈ ಶೈಲಿಯಲ್ಲಿ ಕಂಬಗಳಿಗೆ ಹಡಗಿನ ಹಗ್ಗಗಳು ಸುತ್ತಿಕೊಳ್ಳುತ್ತವೆ, ಗೋಡೆಗಳ ಮೇಲೆ ನಾವಿಕರ ಖಗೋಳ ಯಂತ್ರ ಮೂಡುತ್ತದೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು ಹೋದ ಮೇಲೆ ಪೂರ್ವದಿಂದ ಹರಿದ ಸಂಬಾರ ಪದಾರ್ಥಗಳ ವ್ಯಾಪಾರದ ಮೇಲೆ ಹಾಕಿದ ತೆರಿಗೆಯ ಹಣದಿಂದಲೇ ಲಿಸ್ಬನ್‌ನ ಪ್ರಸಿದ್ಧ ಜೆರೋನಿಮೋಸ್ ಮಠ ಈ ಶೈಲಿಯಲ್ಲಿ ಎದ್ದಿತು. ಆ ತೆರಿಗೆಗೆ ಹೆಸರೇ ‘ಕರಿಮೆಣಸಿನ ಇಪ್ಪತ್ತರಲ್ಲೊಂದು ಪಾಲು’. ನಮ್ಮ ಪಡುವಣ ಕರಾವಳಿಯ ಮೆಣಸಿಗೂ ಈ ವಾಸ್ತುಶೈಲಿಗೂ ಇರುವ ಈ ನಂಟು ವಿದ್ಯಾರ್ಥಿಯಾದ ನಿಮಗೆ ಉಪಯೋಗಕ್ಕೆ ಬಂದೀತು ಎಂದು ಹೇಳಿದೆ.

ಸ್ಯಾನ್ ಹೋಸೆಯ ಪೋರ್ಚುಗೀಸರಿಗಾಗಿ ಪ್ರತ್ಯೇಕ ಧರ್ಮಕೇಂದ್ರ ಸ್ಥಾಪನೆಯಾದದ್ದು 1914ರಲ್ಲಿ. ಅದರ ಮೊದಲ ಗುರು ಹೆನ್ರಿಕ್ ಅಗಸ್ಟೊ ರಿಬೇರೊ. ಜನರಿದ್ದರು, ಉತ್ಸಾಹವಿತ್ತು, ಹಣ ಮಾತ್ರ ಇರಲಿಲ್ಲ. ಅಷ್ಟರಲ್ಲಿ ಪ್ರದರ್ಶನ ಮುಗಿಯಿತು. ಮಂಟಪವನ್ನು ಬಿಚ್ಚಿದ ಮರಮುಟ್ಟು ಸ್ಯಾನ್ ಹೋಸೆಗೆ ಬಂತು. 1916ರಲ್ಲಿ ಕೆಲಸ ಆರಂಭವಾಗಿ 1919ರಲ್ಲಿ ಇಗರ್ಜಿಯ ಪ್ರತಿಷ್ಠೆ ನೆರವೇರಿತು. ನಡುವಿನ ವರ್ಷಗಳು ಮೊದಲ ಮಹಾಯುದ್ಧದವು, ಕೊನೆಗೆ ಇನ್‌ಫ್ಲುಯೆಂಜಾ ಪಿಡುಗಿನವು ಎಂಬುದನ್ನು ನೆನೆದರೆ ಮೂರು ವರ್ಷ ಹೆಚ್ಚೇನಲ್ಲ. ಕಟ್ಟಡದ ರೂಪಕ್ಕೆ ಪೋರ್ಚುಗಲ್‌ನ ಉತ್ತರದ ಬ್ರಾಗಾ ಪಟ್ಟಣದ ಇಗರ್ಜಿಯೊಂದು ಮಾದರಿ ಎಂದು ಇಗರ್ಜಿಯ ಸುತ್ತಲಿನ ಪೋರ್ಚುಗೀಸ್ ಕೇರಿಯವರು ಹೇಳುತ್ತಾರೆ.

ಇಲ್ಲಿ ನನಗೆ ತುಂಬ ಹಿಡಿಸಿದ ಸಂಗತಿಯೊಂದಿದೆ. ಪೋರ್ಚುಗಲ್ 1910ರ ಅಕ್ಟೋಬರ್‌ನಲ್ಲಿ ಅರಸೊತ್ತಿಗೆಯನ್ನು ಕಿತ್ತೊಗೆದು ಗಣರಾಜ್ಯವಾಗಿತ್ತು. ಹೊಸ ಸರ್ಕಾರಕ್ಕೆ ಪಾದ್ರಿಗಳನ್ನು ಕಂಡರಾಗುತ್ತಿರಲಿಲ್ಲ. 1911ರಲ್ಲಿ ಧರ್ಮವನ್ನೂ ರಾಜ್ಯವನ್ನೂ ಬೇರೆ ಮಾಡುವ ಕಟುವಾದ ಕಾನೂನು ತಂದು ಇಗರ್ಜಿಗಳ ಆಸ್ತಿಯನ್ನು ವಶಪಡಿಸಿಕೊಂಡಿತ್ತು. ಅಂಥ ಸರ್ಕಾರ ತನ್ನ ದೇಶದ ಹಿರಿಮೆ ಸಾರಲು ಕಟ್ಟಿಸಿದ ಮಂಟಪದ ಮರ, ಸಾಗರದಾಚೆ ಹಾಲು ಕರೆಯುವ ಜನರ ಕೈಗೆ ಸಿಕ್ಕಿ ಪೂಜೆಯ ಮನೆಯಾಯಿತು. ಲಿಸ್ಬನ್‌ನ ಮಂತ್ರಿಗಳಿಗೆ ಇದು ಗೊತ್ತಾಗಿದ್ದರೆ ಅವರ ಮುಖ ನೋಡಬೇಕಿತ್ತು.

ಪ್ರಶ್ನೆ: ಪೋರ್ಚುಗೀಸರು ನಮ್ಮ ಮಂಗಳೂರಿನಲ್ಲೂ ಗೋವೆಯಲ್ಲೂ ಇಗರ್ಜಿ ಕಟ್ಟಿದರು. ಅದನ್ನು ಬಿಟ್ಟು ಕ್ಯಾಲಿಫೋರ್ನಿಯಾದ್ದನ್ನು ನೋಡುವುದರಲ್ಲಿ ವಿಶೇಷವೇನು? ಅಲ್ಲಿಯೂ ಅವರ ಆಳ್ವಿಕೆ ಇತ್ತೇ? (ಮಂಗಳೂರು)

ಉತ್ತರ: ಇರಲಿಲ್ಲ, ಅದೇ ವಿಶೇಷ. ಕ್ಯಾಲಿಫೋರ್ನಿಯಾ ಸ್ಪೇನಿನ ಕೈಯಲ್ಲಿತ್ತು, ಬಳಿಕ ಮೆಕ್ಸಿಕೊದ್ದಾಯಿತು, 1848ರಲ್ಲಿ ಅಮೆರಿಕದ ಪಾಲಾಯಿತು. ನಿಮ್ಮ ಊರಿನ ಬೋಳಾರದ ರೊಜಾರಿಯೊ ಇಗರ್ಜಿಯ ಮೂಲ 1568ರದ್ದು, ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದ ಕಾಲದ್ದು. ಗೋವೆಯಲ್ಲಿಯೂ ಅಷ್ಟೇ, ಮೊದಲು ತೋಪು, ಆಮೇಲೆ ಗಂಟೆ. ಆಳುವವರ ಬೆನ್ನಿಗೆ ಬಂದ ಇಗರ್ಜಿಗೆ ಕೆಂಪುಕಲ್ಲು, ಕೂಲಿಯವರು, ಖಜಾನೆ ಎಲ್ಲವೂ ಇರುತ್ತವೆ. ಸ್ಯಾನ್ ಹೋಸೆಗೆ ಬಂದ ಪೋರ್ಚುಗೀಸರು ಯಾರನ್ನೂ ಆಳಲು ಬಂದವರಲ್ಲ, ಆಳುಗಳಾಗಿ ಬಂದವರು.

ಅವರಲ್ಲಿ ಬಹುಪಾಲಿನವರು ಪೋರ್ಚುಗಲ್‌ನ ಮುಖ್ಯ ಭೂಭಾಗದವರೇ ಅಲ್ಲ. ಲಿಸ್ಬನ್‌ನಿಂದ ಸುಮಾರು 1,500 ಕಿಲೋಮೀಟರ್ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದ ನಡುವೆ ಚೆಲ್ಲಿಕೊಂಡಿರುವ ಅಜೋರ್ಸ್ ಎಂಬ, ಪೋರ್ಚುಗಲ್‌ಗೇ ಸೇರಿದ ಒಂಬತ್ತು ದ್ವೀಪಗಳವರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ತಿಮಿಂಗಿಲ ಬೇಟೆಯ ಹಡಗುಗಳು ಆ ದ್ವೀಪಗಳಲ್ಲಿ ತಂಗಿ ಕೆಲಸಗಾರರನ್ನು ಹತ್ತಿಸಿಕೊಳ್ಳುತ್ತಿದ್ದವು. ಮನೆಯಲ್ಲಿ ತುಂಡು ಭೂಮಿ, ಹಂಚಿಕೊಳ್ಳಲು ಏಳೆಂಟು ಮಕ್ಕಳು, ಕಡ್ಡಾಯ ಸೈನಿಕ ಸೇವೆಯ ಭಯ. ಹುಡುಗರು ರಾತ್ರೋರಾತ್ರಿ ಹಡಗು ಹತ್ತುತ್ತಿದ್ದರು. ಹಾಗೆ ಹೊರಟವರಲ್ಲಿ ಹಲವರು ಚಿನ್ನದ ಹುಚ್ಚಿನ ಕಾಲದಲ್ಲಿ ಕ್ಯಾಲಿಫೋರ್ನಿಯಾ ಮುಟ್ಟಿದರು. ಚಿನ್ನ ಸಿಕ್ಕವರು ಕಡಿಮೆ, ಹಸು ಕಟ್ಟಿ ಬದುಕಿದವರು ಹೆಚ್ಚು. ಆ ರಾಜ್ಯದ ಹೈನುಗಾರಿಕೆಯಲ್ಲಿ ಇಂದಿಗೂ ಸಿಲ್ವಾ, ಮಚಾಡೊ, ಅವಿಲಾ ಎಂಬ ಮನೆತನದ ಹೆಸರುಗಳು ಎಲ್ಲೆಲ್ಲೂ ಕೇಳಿಬರುತ್ತವೆ. ಕೆಲವು ನಿಮ್ಮ ನೆರೆಮನೆಯವರ ಹೆಸರಿನಂತೆಯೇ ಇವೆಯೆಂದು ನಿಮಗೆ ಅನ್ನಿಸುವುದು ಸಹಜ. ಈಗ ಕಂಪ್ಯೂಟರ್ ಕಂಪನಿಗಳು ತುಂಬಿರುವ ಸಾಂತಾ ಕ್ಲಾರಾ ಕಣಿವೆ ಆಗ ಏಪ್ರಿಕಾಟ್ ಮತ್ತು ಪ್ರೂನ್ ಹಣ್ಣುಗಳ ತೋಟಗಳಿಂದ ತುಂಬಿತ್ತು. ಗಂಡಸರು ತೋಟಗಳಲ್ಲಿ, ಹೆಂಗಸರು ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ ದುಡಿದು ಉಳಿಸಿದ ಕಾಸು ಈ ಇಗರ್ಜಿಯ ಗೋಡೆಗಳಲ್ಲಿದೆ.

ಇನ್ನೊಂದು ಮಾತು. ಇಂಗ್ಲಿಷ್ ಬಾರದ ವಲಸಿಗರು ತಮ್ಮದೇ ಭಾಷೆಯಲ್ಲಿ ಪ್ರಾರ್ಥಿಸಲೆಂದು ಅಮೆರಿಕದ ಕಥೋಲಿಕ ಸಭೆ ‘ರಾಷ್ಟ್ರೀಯ ಧರ್ಮಕೇಂದ್ರ’ ಎಂಬ ವ್ಯವಸ್ಥೆಯನ್ನು ಮಾಡಿಕೊಟ್ಟಿತ್ತು. ಸಾಮಾನ್ಯ ಧರ್ಮಕೇಂದ್ರಕ್ಕೆ ಬೀದಿ, ಬಡಾವಣೆಗಳ ಗಡಿ ಇರುತ್ತದೆ. ಇದಕ್ಕೆ ಭಾಷೆಯೇ ಗಡಿ. ಎಲ್ಲೇ ವಾಸವಿದ್ದರೂ ಪೋರ್ಚುಗೀಸ್ ಮಾತನಾಡುವವರೆಲ್ಲ ಇದರ ಒಕ್ಕಲು. ಹಾಗಾಗಿ ಇಂದು ಆ ಕೇರಿಯನ್ನು ಬಿಟ್ಟು ದೂರದ ಊರುಗಳಲ್ಲಿ ಮನೆ ಮಾಡಿರುವ ಮೂರನೆಯ ತಲೆಮಾರಿನವರೂ ಮದುವೆಗೆ, ನಾಮಕರಣಕ್ಕೆ, ಸಾವಿಗೆ ಇಲ್ಲಿಗೇ ಬರುತ್ತಾರೆ. ನಮ್ಮಲ್ಲಿ ಬೆಂಗಳೂರಿಗೆ ಹೋದವರು ಮನೆದೇವರಿಗೆ ವರ್ಷಕ್ಕೊಮ್ಮೆ ಊರಿಗೆ ಬಂದಂತೆ.

ಪ್ರಶ್ನೆ: ‘ಗಾಯ’ ಎಂದು ದೇವಾಲಯಕ್ಕೆ ಹೆಸರಿಡುವುದು ವಿಚಿತ್ರವಲ್ಲವೇ? (ಶಿರಸಿ)

ಉತ್ತರ: ಶಿಲುಬೆಗೇರಿಸಿದಾಗ ಯೇಸುವಿನ ಎರಡು ಕೈ, ಎರಡು ಪಾದ ಮತ್ತು ಪಕ್ಕೆಗೆ ಆದ ಗಾಯಗಳೇ ಈ ಐದು. ಆ ಗಾಯಗಳ ಆರಾಧನೆ ಕಥೋಲಿಕರಲ್ಲಿ ಬಹಳ ಹಳೆಯದು. ಆದರೆ ಪೋರ್ಚುಗೀಸರಿಗೆ ಅದು ಭಕ್ತಿಯ ವಿಷಯವಷ್ಟೇ ಅಲ್ಲ, ದೇಶದ ಹುಟ್ಟಿನ ಕಥೆಯೂ ಹೌದು. 1139ರಲ್ಲಿ ಊರಿಕ್ ಎಂಬಲ್ಲಿ ನಡೆದ ಯುದ್ಧಕ್ಕೆ ಮುನ್ನ ಅಫೊನ್ಸೊ ಹೆನ್ರಿಕೆಸ್‌ಗೆ ಶಿಲುಬೆಯ ಮೇಲಿನ ಯೇಸು ದರ್ಶನವಿತ್ತು ಗೆಲುವಿನ ಮಾತು ಕೊಟ್ಟನೆಂದೂ, ಮುಂದೆ ಪೋರ್ಚುಗಲ್‌ನ ಮೊದಲ ದೊರೆಯಾದ ಆತ ಅದರ ನೆನಪಿಗೆ ಐದು ಗಾಯಗಳನ್ನೇ ತನ್ನ ಲಾಂಛನ ಮಾಡಿಕೊಂಡನೆಂದೂ ಅವರ ಐತಿಹ್ಯ ಹೇಳುತ್ತದೆ. ಪೋರ್ಚುಗಲ್‌ನ ಇಂದಿನ ಬಾವುಟವನ್ನು ಒಮ್ಮೆ ಗಮನಿಸಿ. ನಡುವಿನ ಬಿಳಿ ಗುರಾಣಿಯಲ್ಲಿ ಐದು ಪುಟ್ಟ ನೀಲಿ ಗುರಾಣಿಗಳು, ಪ್ರತಿಯೊಂದರಲ್ಲಿ ಐದು ಬಿಳಿ ಚುಕ್ಕೆಗಳು ಕಾಣುತ್ತವೆ. ಫುಟ್‌ಬಾಲ್ ಆಟಗಾರರ ಅಂಗಿಯ ಮೇಲೂ ಇವೆ. ಆದ್ದರಿಂದ ಪರದೇಶದಲ್ಲಿ ಕಟ್ಟಿದ ಇಗರ್ಜಿಗೆ ‘ಸಿಂಕೊ ಶಾಗಸ್’, ಅಂದರೆ ಐದು ಗಾಯಗಳು ಎಂದು ಹೆಸರಿಟ್ಟಾಗ ಅವರು ದೇವರ ಹೆಸರನ್ನೂ ದೇಶದ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿದಂತಾಯಿತು. ನೀವು ವಿಚಿತ್ರವೆನ್ನುವ ಹೆಸರಿಗಿಂತ ಜಾಣತನದ ಹೆಸರು ನನಗಂತೂ ಬೇರೆ ಹೊಳೆಯುವುದಿಲ್ಲ.

ಪ್ರಶ್ನೆ: ನಾವು ಫ್ರೀಮಾಂಟ್‌ನಲ್ಲಿದ್ದೇವೆ, ಇಲ್ಲಿನ ಕನ್ನಡ ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಮಕ್ಕಳನ್ನು ಯಾವ ಹಬ್ಬಕ್ಕೆ ಕರೆದುಕೊಂಡು ಹೋದರೆ ಚೆನ್ನ? ಹೊರಗಿನವರನ್ನು ಸೇರಿಸಿಕೊಳ್ಳುತ್ತಾರೆಯೇ? (ಕ್ಯಾಲಿಫೋರ್ನಿಯಾ)

ಉತ್ತರ: ಎರಡು ಸಂದರ್ಭಗಳಿವೆ. ಒಂದೇ ಒಂದಕ್ಕೆ ಹೋಗುವುದಾದರೆ, ಕ್ರೈಸ್ತರ ತ್ರಿಯೇಕ ದೇವರಲ್ಲಿ ಒಬ್ಬರಾದ ಪವಿತ್ರಾತ್ಮರ (ಹೋಲಿ ಸ್ಪಿರಿಟ್) ಹಬ್ಬಕ್ಕೆ ಹೋಗಿ.

ಈಸ್ಟರ್ ಕಳೆದು ಏಳು ವಾರಗಳಿಗೆ ಬರುವ ಪೆಂಟೆಕಾಸ್ಟ್ ಸುತ್ತಮುತ್ತ ಅಜೋರ್ಸ್ ಜನ ಎಲ್ಲೇ ನೆಲೆಸಿರಲಿ ಈ ಹಬ್ಬವನ್ನು ಮಾಡುತ್ತಾರೆ. ಇದರ ಹಿಂದೆ ಇರುವವಳು 1336ರಲ್ಲಿ ತೀರಿಕೊಂಡ, ಮುಂದೆ ಸಂತಳೆಂದು ಘೋಷಿತಳಾದ ಪೋರ್ಚುಗಲ್‌ನ ರಾಣಿ ಇಸಬೆಲ್. ಬರಗಾಲದಲ್ಲಿ ಜನ ಸಾಯುತ್ತಿದ್ದಾಗ ಆಕೆ ತನ್ನ ಕಿರೀಟವನ್ನೇ ಪವಿತ್ರಾತ್ಮರಿಗೆ ಹರಕೆ ಹೊತ್ತಳು ಎಂಬುದು ಒಂದು ಕಥೆ. ಬಡವರಿಗೆಂದು ಮಡಿಲಲ್ಲಿ ಬಚ್ಚಿಟ್ಟು ಒಯ್ಯುತ್ತಿದ್ದ ರೊಟ್ಟಿಯನ್ನು ಗಂಡ ಪ್ರಶ್ನಿಸಿದಾಗ ಅದು ಗುಲಾಬಿ ಹೂಗಳಾಯಿತು ಎಂಬುದು ಇನ್ನೊಂದು. ಹಬ್ಬದ ದಿನ ಸಮುದಾಯದ ಹುಡುಗಿಯೊಬ್ಬಳು ರಾಣಿಯಾಗಿ, ನೆಲದುದ್ದಕ್ಕೆ ಎಳೆಯುವ ಕಸೂತಿಯ ಮಖಮಲ್ಲಿನ ಮೇಲುಹೊದಿಕೆ ಹೊದ್ದು, ತುದಿಯಲ್ಲಿ ಪಾರಿವಾಳ ಕುಳಿತ ಬೆಳ್ಳಿಯ ಕಿರೀಟದೊಂದಿಗೆ ವಾದ್ಯಮೇಳದ ಹಿಂದೆ ಮೆರವಣಿಗೆಯಲ್ಲಿ ಇಗರ್ಜಿಗೆ ಬರುತ್ತಾಳೆ. ಆ ಹೊದಿಕೆಗಳ ಕಸೂತಿಯನ್ನು ನಿಮ್ಮ ಮಕ್ಕಳಿಗೆ ಹತ್ತಿರದಿಂದ ತೋರಿಸಿ. ಮನೆಯವರೆಲ್ಲ ತಿಂಗಳುಗಟ್ಟಲೆ ಕುಳಿತು ಮಾಡಿದ ಕೆಲಸ ಅದು. ಬಲಿಪೂಜೆಯ ಕೊನೆಗೆ ಗುರುಗಳು ಆ ಕಿರೀಟವನ್ನು ಹುಡುಗಿಯ ತಲೆಯ ಮೇಲೆ ಇಡುತ್ತಾರೆ. ಹಣ್ಣಿನ ಕಾರ್ಖಾನೆಯ ಕೂಲಿಯ ಮಗಳು ಒಂದು ದಿನದ ಮಟ್ಟಿಗೆ ರಾಣಿಯಾಗುವ ಈ ಹಬ್ಬ, ಪಾದ್ರಿಗಳಿಗಿಂತ ಹೆಚ್ಚಾಗಿ ಸಾಮಾನ್ಯ ಜನರ ಸಂಘಗಳ ಕೈಯಲ್ಲಿ ಬೆಳೆದು ಬಂದದ್ದು.

ಆಮೇಲೆ ಊಟ. ‘ಸೋಪಸ್’ ಎಂದು ಹೆಸರು. ದನದ ಮಾಂಸವನ್ನು ದೊಡ್ಡ ಹಂಡೆಗಳಲ್ಲಿ ಗಂಟೆಗಟ್ಟಲೆ ಬೇಯಿಸಿ, ದಪ್ಪ ತುಂಡುಮಾಡಿದ ರೊಟ್ಟಿ ಮತ್ತು ಪುದೀನದ ಮೇಲೆ ಆ ಸಾರನ್ನು ಹೊಯ್ದು ಬಡಿಸುತ್ತಾರೆ. ಬಂದವರು ಯಾರು, ಯಾವ ಜಾತಿ, ಯಾವ ದೇಶ ಎಂದು ಕೇಳುವುದಿಲ್ಲ, ಹಣವನ್ನೂ ಪಡೆಯುವುದಿಲ್ಲ. ರಾಣಿಯ ಹರಕೆಯ ಅರ್ಥವೇ ಅದು. ಧರ್ಮಸ್ಥಳದ ಅನ್ನಸಂತರ್ಪಣೆಯನ್ನು ನೋಡಿದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಸ್ಯಾಹಾರಿಗಳಾದರೆ ಆ ಪಂಕ್ತಿಯಲ್ಲಿ ನಿಮಗೆ ರೊಟ್ಟಿ ಬಿಟ್ಟು ಹೆಚ್ಚೇನೂ ದಕ್ಕಲಾರದು ಎಂಬುದನ್ನು ಮೊದಲೇ ತಿಳಿದುಕೊಂಡು, ಮನೆಯಲ್ಲಿ ಚಿತ್ರಾನ್ನ ತಿಂದು ಹೊರಡಿ. ಮೊಟ್ಟೆ, ಬೆಣ್ಣೆ ಹಾಕಿದ ‘ಮಾಸಾ ಸೊವಾಡಾ’ ಎಂಬ ಸಿಹಿ ರೊಟ್ಟಿ ಆ ಕೇರಿಯಲ್ಲಿ ಸಿಕ್ಕರೆ ಬಿಡಬೇಡಿ. ಮೊಟ್ಟೆಗೆ ಅಡ್ಡಿಯಿಲ್ಲದವರಿಗೆ ಈ ಮಾತು.

ಎರಡನೆಯದು ಅಕ್ಟೋಬರ್‌ನಲ್ಲಿ ನಡೆಯುವ ಫಾತಿಮಾ ಮಾತೆಯ ಹಬ್ಬ. ಪೋರ್ಚುಗಲ್‌ನ ಫಾತಿಮಾ ಎಂಬ ಹಳ್ಳಿಯಲ್ಲಿ 1917ರ ಮೇ 13ರಿಂದ ಅಕ್ಟೋಬರ್ 13ರವರೆಗೆ ಕುರಿ ಕಾಯುವ ಮೂವರು ಮಕ್ಕಳಿಗೆ ಮರಿಯಮ್ಮನವರ ದರ್ಶನವಾಯಿತೆಂಬ ನಂಬಿಕೆಯಿಂದ ಹುಟ್ಟಿದ್ದು. ಸ್ಯಾನ್ ಹೋಸೆಯಲ್ಲಿ ಇಗರ್ಜಿಯ ಗೋಡೆಗಳು ಮೇಲೇಳುತ್ತಿದ್ದ ವರ್ಷವೇ ಅದು ಎಂಬುದನ್ನು ಗಮನಿಸಿ. ಕತ್ತಲಾದ ಮೇಲೆ ಕೈಯಲ್ಲಿ ಮೇಣದ ಬತ್ತಿ ಹಿಡಿದು ಜಪಸರ ಹೇಳುತ್ತ ನಡೆಯುವ ಮೆರವಣಿಗೆ ಈ ಹಬ್ಬದ ಜೀವಾಳ.

ಮಕ್ಕಳಿಗೆ ಕಥೆಯ ಇನ್ನೊಂದು ತುದಿಯನ್ನೂ ಹೇಳಿ. 1957ರ ಸೆಪ್ಟೆಂಬರ್‌ನಲ್ಲಿ ಅಜೋರ್ಸ್‌ನ ಫಯಾಲ್ ದ್ವೀಪದ ಬಳಿ ಸಮುದ್ರದೊಳಗಿನಿಂದ ಕಪೆಲಿನ್ಯೊಸ್ ಎಂಬ ಜ್ವಾಲಾಮುಖಿ ಸಿಡಿದು, 13 ತಿಂಗಳು ಬೂದಿ ಸುರಿಸಿ, ಮನೆ ಹೊಲಗಳನ್ನು ಮುಚ್ಚಿಹಾಕಿತು. ಅಮೆರಿಕ 1958ರಲ್ಲಿ ಆ ನಿರಾಶ್ರಿತರಿಗೆಂದೇ ಕಾನೂನೊಂದನ್ನು ಮಾಡಿತು. ಅದನ್ನು ಮಂಡಿಸಿದ ಸೆನೆಟರುಗಳಲ್ಲಿ ಒಬ್ಬರು ಮುಂದೆ ಅಧ್ಯಕ್ಷರಾದ ಜಾನ್ ಎಫ್. ಕೆನಡಿ. ವಲಸೆ ಬರುವವರಿಗೆ ದೇಶವಾರು ಹಾಕಿದ್ದ ಕಟ್ಟುಪಾಡುಗಳನ್ನು ಅಮೆರಿಕದ 1965ರ ಕಾನೂನು ಸಡಿಲಿಸಿದ ಮೇಲೆ ಇನ್ನಷ್ಟು ಜನ ಬಂದರು. ಹೀಗೆ ಮೊದಲು ಬಂದವರ ಮೊಮ್ಮಕ್ಕಳು ಪೋರ್ಚುಗೀಸ್ ಮರೆಯುವ ಹೊತ್ತಿಗೆ ಹೊಸಬರು ಬಂದು ಪೀಠದ ಮುಂದೆ ಆ ಭಾಷೆಯನ್ನು ಮತ್ತೆ ತುಂಬಿದರು. 1965ರ ಅದೇ ಕಾನೂನಿನ ಬಾಗಿಲಿನಿಂದಲೇ ಕನ್ನಡಿಗರೂ ಆ ಕಣಿವೆಗೆ ಬಂದರು ಎಂಬುದನ್ನು ನಿಮ್ಮ ಮಕ್ಕಳಿಗೆ ಕನ್ನಡ ಶಾಲೆಯಲ್ಲಿ ಹೇಳಿಕೊಟ್ಟಿರಲಾರರು, ನೀವೇ ಹೇಳಿ.

ಹಬ್ಬವಿಲ್ಲದ ದಿನಗಳಲ್ಲಿ ಹೋಗುವುದಾದರೆ, ನಗರದ ಕೆಲ್ಲಿ ಪಾರ್ಕಿನ ಇತಿಹಾಸ ಉದ್ಯಾನದಲ್ಲಿರುವ ಪೋರ್ಚುಗೀಸ್ ವಸ್ತುಸಂಗ್ರಹಾಲಯವನ್ನೂ ಸೇರಿಸಿಕೊಳ್ಳಿ. ಪವಿತ್ರಾತ್ಮರ ಕಿರೀಟವನ್ನು ಇಡುವ ‘ಇಂಪೇರಿಯೊ’ ಎಂಬ ಪುಟ್ಟ ಗುಡಿಯ ಆಕಾರದಲ್ಲಿಯೇ ಅದನ್ನು ಕಟ್ಟಿದ್ದಾರೆ.

ಪ್ರಶ್ನೆ: ಪೋರ್ಚುಗೀಸ್ ಪ್ರವಚನ ನಮಗೆ ಒಂದಿಷ್ಟಾದರೂ ಅರ್ಥವಾದೀತೇ? (ಉಡುಪಿ)

ಉತ್ತರ: ಪ್ರವಚನ ಅರ್ಥವಾಗದು, ಪದಗಳು ಕೈಬೀಸಿ ಕರೆಯುತ್ತವೆ. ಇಗರ್ಜಿ, ಪಾದ್ರಿ, ಮೇಜು, ಚಾವಿ, ಬಾಲ್ದಿ, ಅಲಮಾರು, ಬಟಾಟೆ, ಪಗಾರ, ಮೇಸ್ತ್ರಿ ಇವೆಲ್ಲ ಪೋರ್ಚುಗೀಸರು ನಮ್ಮ ಕರಾವಳಿಯಲ್ಲಿ ಬಿಟ್ಟುಹೋದವು. ಕೊಂಕಣಿ ಬಲ್ಲವರಿಗೆ ಕಿಟಕಿಯ ‘ಜನೇಲ್’ ಕೂಡ ಸಿಗುತ್ತದೆ. ಪೂಜೆಯ ನಂತರ ಅಂಗಳದಲ್ಲಿ ಮಾತಿಗೆ ಸಿಕ್ಕ ಹಿರಿಯರೊಬ್ಬರಿಗೆ ನಾನು ಬೆರಳು ಮಡಚುತ್ತ ಈ ಪಟ್ಟಿಯನ್ನು ಹೇಳಿದಾಗ, ಅವರು ‘ಬಟಾಟೆ’ಗೆ ನಕ್ಕು, ‘ಚಾವಿ’ಗೆ ತಮ್ಮ ಜೇಬಿನ ಬೀಗದ ಕೈಯನ್ನೇ ತೆಗೆದು ತೋರಿಸಿದರು. ಅಂದಹಾಗೆ, ಅಜೋರ್ಸ್‌ನ ಸಾವ್ ಮಿಗೆಲ್ ದ್ವೀಪದವರ ಉಚ್ಚಾರ ಲಿಸ್ಬನ್ನಿನವರಿಗೇ ತೊಡಕು; ಆದ್ದರಿಂದ ಅರ್ಥವಾಗಲಿಲ್ಲವೆಂದು ನೀವು ಕೊರಗುವ ಕಾರಣವಿಲ್ಲ.

ಪ್ರಶ್ನೆ: ಕಾರು ಓಡಿಸಲು ಬಾರದ ನಮ್ಮಂಥ ಹಿರಿಯರು ಮಕ್ಕಳನ್ನು ಕಾಯದೆ ಅಲ್ಲಿಗೆ ಹೋಗುವ ದಾರಿಯಿದೆಯೇ? (ತುಮಕೂರು)

ಉತ್ತರ: ಇದೆ, ಮತ್ತು ಈ ಉತ್ತರ ಮೊದಲ ಪತ್ರ ಬರೆದ ಮೈಸೂರಿನವರಿಗೂ ಸೇರಿದ್ದು. ಪಾಲೊ ಆಲ್ಟೊದಿಂದ ಸನಿವೇಲ್, ಸಾಂತಾ ಕ್ಲಾರಾಗಳನ್ನು ಹಾದು ಎಲ್ ಕಮಿನೊ ರಸ್ತೆಯುದ್ದಕ್ಕೂ ಬರುವ 22ನೇ ನಂಬರಿನ ಬಸ್ಸು ಸ್ಯಾನ್ ಹೋಸೆಯ ನಡುಪೇಟೆಯನ್ನು ದಾಟಿ ಪೂರ್ವ ಸಾಂತಾ ಕ್ಲಾರಾ ರಸ್ತೆಯಲ್ಲಿ ಇಗರ್ಜಿಯ ಮುಂದೆಯೇ ಹಾದುಹೋಗುತ್ತದೆ. ನಿಲುಗಡೆ ಕಡಿಮೆಯಿರುವ 522ನೇ ನಂಬರಿನದೂ ಅದೇ ದಾರಿಯದು. ಭೂಗತ ರೈಲನ್ನು ಆ ಕೇರಿಗೆ ತಂದು ನಿಲ್ದಾಣಕ್ಕೆ ‘ಪುಟ್ಟ ಪೋರ್ಚುಗಲ್’ ಎಂಬ ಹೆಸರನ್ನೂ ಸೇರಿಸುವ ಯೋಜನೆಯಿದೆ, ಆದರೆ ಅದನ್ನು ನಂಬಿ ಈ ವರ್ಷದ ಪ್ರಯಾಣವನ್ನು ಮುಂದೂಡಬೇಡಿ. ನಡುಪೇಟೆ ದಾಟಿದ ಮೇಲೆ ಬಸ್ಸಿನ ಮುಂದಿನ ಗಾಜಿನತ್ತ ಕಣ್ಣಿಟ್ಟಿರಿ. ಸುತ್ತಲಿನ ಕಟ್ಟಡಗಳೆಲ್ಲ ತಗ್ಗು. ಎರಡು ಬಿಳಿ ಗೋಪುರಗಳು ದೂರದಿಂದಲೇ ಕಾಣುತ್ತವೆ. ಅವು ಕಂಡಾಗ ಇಳಿಯುವ ಗಂಟೆ ಒತ್ತಿ. 101ನೇ ಹೆದ್ದಾರಿ ಬಂದುಬಿಟ್ಟಿತೆಂದರೆ ನೀವು ಒಂದು ನಿಲ್ದಾಣ ಮುಂದೆ ಬಂದಿದ್ದೀರಿ ಎಂದರ್ಥ. ಇಳಿದು ಹಿಂದಕ್ಕೆ ನಡೆಯಿರಿ, ದೂರವಿಲ್ಲ.